ಹಳೆ ಪದ್ಮಿನಿಗೆ ಜಿಪ್ಸಿ ಎಂಜಿನ್: ಮನೆಯ ಶೆಡ್ಡಿನಲ್ಲೇ ಮಾಡುವವರಿಗೆ

"ಅಪ್ಪನ ಕಾಲದ ಪದ್ಮಿನಿ ಶೆಡ್ಡಲ್ಲಿ ನಿಂತಿದೆ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಮಾತ್ರ ಸೋತಿದೆ. ಜಿಪ್ಸಿ ಎಂಜಿನ್ ಕೂರಿಸಬಹುದಾ?" ಕೊಡಗಿನ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ವಿರಾಜಪೇಟೆ ಕಡೆಯವರು ಕೇಳುತ್ತಾರೆ, ಸೋಮವಾರಪೇಟೆ ಕಡೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಪೂರ್ತಿ ವಿಷಯವನ್ನು ಇಲ್ಲಿ ಒಂದೇ ಕಡೆ ಇಡುತ್ತಿದ್ದೇನೆ.

ಪ್ರೀಮಿಯರ್ ಪದ್ಮಿನಿ ಕಾರಿಗೆ ಮಾರುತಿಯ ಜಿಪ್ಸಿ ಗಾಡಿಯ ಎಂಜಿನ್ ಕೂರಿಸಬಹುದು. ಎಂಜಿನ್ ಇಳಿಸಿ ಬೋಲ್ಟ್ ಬಿಗಿಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟ ಇರುವುದು ಅದರ ಸುತ್ತಮುತ್ತ: ಕಾಗದ, ಶಾಫ್ಟಿನ ಕೋನ, ಪೆಟ್ರೋಲ್ ಲೈನು, ರೇಡಿಯೇಟರ್, ವೈರಿಂಗ್, ಎಲ್ಲಕ್ಕಿಂತ ಜಾಸ್ತಿ ಬ್ರೇಕು. ನಮ್ಮಲ್ಲಿ ಮನೆ ಗೇಟು ದಾಟಿದರೆ ಏರು, ಇಲ್ಲದಿದ್ದರೆ ಇಳಿಜಾರು. ಮೈಸೂರಿನ ಸಪಾಟು ರಸ್ತೆಯಲ್ಲಿ ನಡೆದುಹೋಗುವ ಅರೆಬರೆ ಕೆಲಸ ಸಂಪಾಜೆ ಘಾಟಿಯಲ್ಲಿ ನಡೆಯುವುದಿಲ್ಲ.

ಪದ್ಮಿನಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಹೆಚ್ಚು ಜನ ಕೇಳುವುದು ಅದನ್ನೇ. ಅಂಬಾಸಿಡರ್ ಅಥವಾ ಹಳೆ ಜೀಪು ಇದ್ದವರಿಗೂ ಹಂತಗಳು ಇವೇ, ಅಳತೆಗಳು ಮಾತ್ರ ಬೇರೆ.

1. ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಏನು ಹೇಳುತ್ತದೆ ಅಂದರೆ, ಆರ್‌ಸಿಯಲ್ಲಿರುವ ವಿವರಗಳು ಗಾಡಿ ತಯಾರಿಸಿದ ಕಂಪನಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕುವುದು ಒಂದು ಮಾತು. ಬೇರೆ ಕಂಪನಿಯ ಎಂಜಿನ್ ಹಾಕುವುದು ಬೇರೆಯೇ ಮಾತು. ಪದ್ಮಿನಿಯ ಆರ್‌ಸಿಯಲ್ಲಿ 1089 ಸಿಸಿ ಅಂತ ಇರುತ್ತದೆ, ಜಿಪ್ಸಿ ಎಂಜಿನ್ 1298 ಸಿಸಿ. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ, ಯಾವ ಎಂಜಿನ್, ಎಷ್ಟು ಸಿಸಿ, ಯಾವ ಇಂಧನ ಎಂದು ಬರೆದು ಅರ್ಜಿ ಕೊಡಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ. "ಮಾಡಿ, ಆಮೇಲೆ ನೋಡೋಣ" ಅಂತ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಅದು ಅನುಮತಿ ಅಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. ಪ್ರತಿ ಸಲವೂ ಎಂಜಿನ್ ನಂಬರ್, ಚಾಸಿಸ್ ನಂಬರ್ ನೋಡುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಗಾಡಿ ಶೆಡ್ಡಿಗೇ ವಾಪಸ್.

ವಿಂಟೇಜ್ ನೋಂದಣಿಯ ಆಸೆ ಇರುವವರು ಇನ್ನೊಂದು ಸಲ ಯೋಚಿಸಿ. 2021ರ ನಿಯಮದಂತೆ ಮೊದಲ ನೋಂದಣಿ ಆಗಿ 50 ವರ್ಷ ದಾಟಿದ ಗಾಡಿಗೆ ಮಾತ್ರ ಅದು ಸಿಗುವುದು. ಜೊತೆಗೆ ಎಂಜಿನ್, ಚಾಸಿಸ್, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬೇರೆ ಎಂಜಿನ್ ಹಾಕಿದರೆ ಆ ದಾರಿ ಮುಚ್ಚಿತು ಅಂತಲೇ ತಿಳಿಯಿರಿ.

ಅನುಮತಿ ಸಿಗದಿದ್ದರೆ ಏನು ಮಾಡುವುದು? ಮೂಲ ಎಂಜಿನ್ನನ್ನೇ ಬೋರ್ ಮಾಡಿಸಿ, ಎಲೆಕ್ಟ್ರಾನಿಕ್ ಇಗ್ನಿಷನ್, ಎಲೆಕ್ಟ್ರಿಕ್ ಫ್ಯಾನ್ ಹಾಕಿ ಸರಿಮಾಡಿಸಿ. ಚೆನ್ನಾಗಿ ಕಟ್ಟಿದ ಮೂಲ ಎಂಜಿನ್ ಬಗ್ಗೆ ನನಗೆ ಗೌರವ ಇದೆ, ಅದು ಸೋತ ದಾರಿ ಅಲ್ಲವೇ ಅಲ್ಲ. ಮಾನ್ಯತೆ ಪಡೆದ ಕಿಟ್ ಹಾಕಿಸಿ ಎಲೆಕ್ಟ್ರಿಕ್ ಮಾಡಿಸಲು ಕಾನೂನಿನಲ್ಲೇ ಅವಕಾಶ ಇದೆ. ಇಲ್ಲವೇ, ನಮ್ಮ ಕಡೆ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸಿನಂಥ ಸ್ಪರ್ಧೆಗೆ ಮಾತ್ರ ಗಾಡಿ ಕಟ್ಟಿ, ಲಾರಿಯಲ್ಲಿ ಸಾಗಿಸಿ. ಮುಂದಿನದ್ದೆಲ್ಲ ಬರೆದಿರುವುದು ಅನುಮತಿ ಪಡೆದವರಿಗೆ ಮತ್ತು ಹೀಗೆ ಸ್ಪರ್ಧೆಗೆ ಕಟ್ಟುವವರಿಗೆ.

2. ಬಾಡಿ ತಡೆಯುತ್ತದಾ ನೋಡಿ

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ತಗಡಿನ ಬಾಡಿಯೇ ಎಲ್ಲ ಭಾರ ಹೊರುತ್ತದೆ. ಇದಕ್ಕೆ ಮೊನೊಕಾಕ್ ಅನ್ನುತ್ತಾರೆ. ನಮ್ಮ ಮಳೆಯಲ್ಲಿ ಮೊದಲು ಸಾಯುವುದು ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ.

ಮ್ಯಾಟ್ ಪೂರ್ತಿ ಕಿತ್ತುಹಾಕಿ. ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಿಂದ ತಗಡಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದುಹೋದದ್ದು ದಪ್ ಅನ್ನುತ್ತದೆ. ದಪ್ ಅಂದ ಕಡೆ ತುದಿಯಿಂದ ಒತ್ತಿ. ಪೇಂಟಿನ ಕೆಳಗೆ ಪುಡಿ ಉದುರಿದರೆ ಅಲ್ಲಿ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. ಪುಟ್ಟಿ ಮೆತ್ತಿ ಮುಚ್ಚಿದ ಜಾಗದ ಮೇಲೆ ಎಂಜಿನ್ ಮೌಂಟಿಂಗ್ ಕೂರಿಸಿದರೆ ಒಂದು ಮಳೆಗಾಲವೂ ತಡೆಯದು.

ಇಲ್ಲಿ ಬಾಡಿ ಫೇಲ್ ಆದರೆ ಇಡೀ ಯೋಜನೆಯನ್ನೇ ನಿಲ್ಲಿಸಿ ಅನ್ನುವುದು ನನ್ನ ಸಲಹೆ. ಎಂಜಿನ್ ಇನ್ನೊಂದು ಸಿಗುತ್ತದೆ, ಗಟ್ಟಿ ಪದ್ಮಿನಿ ಬಾಡಿ ಸಿಗುವುದು ಕಷ್ಟ.

3. ಎಂಜಿನ್ ಆಯ್ಕೆ

ಜಿಪ್ಸಿ ಎಂಜಿನ್ನನ್ನೇ ಯಾಕೆ ಎಲ್ಲರೂ ಕೇಳುತ್ತಾರೆ? ಕಾರಣ ಇದೆ. ಪದ್ಮಿನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುವಂಥವು. ಅವುಗಳ ಗೇರ್‌ಬಾಕ್ಸ್ ಇಲ್ಲಿ ಕೆಲಸಕ್ಕೆ ಬಾರದು. ಜಿಪ್ಸಿಯದ್ದು ಉದ್ದಕ್ಕೇ ಕೂರುವ ಎಂಜಿನ್, ಐದು ಗೇರಿನ ಬಾಕ್ಸ್. ಇನ್ನೊಂದು ಅನುಕೂಲ ಹಲವರಿಗೆ ಗೊತ್ತಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಅದು ಬೇರೆಯೇ ಕೂತು, ಒಂದು ಗಿಡ್ಡ ಶಾಫ್ಟಿನಿಂದ ಸೇರಿಕೊಂಡಿದೆ. ಅದನ್ನು ಬಿಟ್ಟು ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ತಂದರೆ ಸಾಕು, ಹಿಂಚಕ್ರದ ಗಾಡಿಗೆ ಸಿದ್ಧ.

ಎಂಪಿಎಫ್‌ಐ ಜಿಪ್ಸಿ ಎಂಜಿನ್ 80 ಅಶ್ವಶಕ್ತಿ ಕೊಡುತ್ತದೆ. ಎಂಪಿಎಫ್‌ಐ ಅಂದರೆ ಕಾರ್ಬ್ಯುರೇಟರ್ ಬದಲು ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇಟ್ಟು, ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಬಿಡುವ ವ್ಯವಸ್ಥೆ. ಪದ್ಮಿನಿಯ ಮೂಲ ಶಕ್ತಿ 40ರ ಆಸುಪಾಸು. ಅಂದರೆ ಸುಮಾರು ಎರಡು ಪಟ್ಟು ಶಕ್ತಿಯನ್ನು ಹಳೆ ಬ್ರೇಕಿನ, ಹಳೆ ಆಕ್ಸಲಿನ ಗಾಡಿಗೆ ಹಾಕುತ್ತಿದ್ದೀರಿ. ಇದನ್ನು ಮರೆಯಬೇಡಿ. ಇದಕ್ಕಿಂತ ದೊಡ್ಡ ಎಂಜಿನ್ನಿನ ಆಸೆ ಬೇಡ. ಅಂಬಾಸಿಡರ್ ಇದ್ದವರಿಗೆ ಕೆಲಸ ಇನ್ನೂ ಹಗುರ. ಕಂಪನಿಯೇ ಅದೇ ಬಾಡಿಯಲ್ಲಿ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಕೂರಿಸಿ ಮಾರಿದ್ದರಿಂದ ಮೌಂಟಿಂಗ್, ಶಾಫ್ಟ್ ಎಲ್ಲ ಕಂಪನಿಯದ್ದೇ ಹುಡುಕಬಹುದು.

ಕೊಳ್ಳುವಾಗ ಗಮನಿಸಬೇಕಾದದ್ದು:

- ಎಂಜಿನ್ ಮಾತ್ರ ಕೊಳ್ಳಬೇಡಿ. ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ), ಕತ್ತರಿಸದ ಪೂರ್ತಿ ವೈರಿಂಗ್, ಎಲ್ಲ ಸೆನ್ಸರ್, ಪೆಟ್ರೋಲ್ ಪಂಪ್, ಗಿಡ್ಡ ಶಾಫ್ಟ್, ಕ್ಲಚ್ ಕೇಬಲ್, ಮೌಂಟಿಂಗ್ ರಬ್ಬರ್, ಎಲ್ಲವೂ ಒಂದೇ ಗಾಡಿಯದ್ದಾಗಿರಲಿ. ಬಿಡಿ ಬಿಡಿಯಾಗಿ ಹುಡುಕಿದರೆ ಖರ್ಚೂ ಜಾಸ್ತಿ, ತಲೆನೋವೂ ಜಾಸ್ತಿ.
- ಗುಜರಿಯವರಿಂದ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಎಂಜಿನ್ ನಂಬರ್ ಬರೆಸಿ. ಆ ಗಾಡಿಯ ಆರ್‌ಸಿ ರದ್ದಾದ ಕಾಗದದ ಪ್ರತಿಯನ್ನೂ ಕೇಳಿ. ನಂಬರ್ ತೇದುಹಾಕಿದ ಎಂಜಿನ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಕದ್ದ ಗಾಡಿಯದ್ದಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ.
- ಓಡುವ ಸ್ಥಿತಿಯಲ್ಲಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ನಾಲ್ಕು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಎಂಜಿನ್ ಹುಡುಕಿ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ಎರಡೂ ತುದಿಯ ಆಯಿಲ್ ಸೀಲ್ ಹೊಸದು ಹಾಕಿಬಿಡಿ. ಗಾಡಿಯೊಳಗೆ ಕೂತ ಮೇಲೆ ಇದೇ ಕೆಲಸಕ್ಕೆ ಮೂರು ಪಟ್ಟು ಸಮಯ ಹಿಡಿಯುತ್ತದೆ.

4. ಜಾಗ, ಸಾಮಾನು, ಕಾಲ

ಕಾಫಿ ಕೊಯ್ಲು ಮುಗಿದು, ಒಣಗಿಸುವ ಕೆಲಸವೂ ಮುಗಿದ ಮೇಲೆ ಶುರು ಮಾಡಿ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ವೆಲ್ಡಿಂಗ್, ಪೇಂಟಿಂಗ್ ಮುಗಿದಿರಬೇಕು. ಮಳೆಗಾಲದ ತೇವದಲ್ಲಿ ಬರೀ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಬಿಚ್ಚಿಟ್ಟ ಪ್ರತಿ ನಯವಾದ ಮೇಲ್ಮೈಗೂ ಎಣ್ಣೆ ಸವರಿ ಇಡಿ.

ನೆಲ ಕಾಂಕ್ರೀಟ್ ಆಗಿರಬೇಕು. ಗಾಡಿಯನ್ನು ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಮೇಲೆಯೇ ನಿಲ್ಲಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಮರದ ದಿಮ್ಮಿ ಇವುಗಳ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ನುಸುಳಲೇಬೇಡಿ. ಬ್ಲಾಕ್ ಬಿರುಕು ಬಿಡುವಾಗ ಎಚ್ಚರಿಕೆ ಕೊಡುವುದಿಲ್ಲ.

ಎಂಜಿನ್ ಎತ್ತಲು ಒಂದು ಟನ್ನಿನ ಚೈನ್ ಬ್ಲಾಕ್ ಸಾಕು. ಎಂಜಿನ್, ಗೇರ್‌ಬಾಕ್ಸ್ ಸೇರಿ ತೂಕ ನೂರು ಕೆಜಿ ದಾಟುತ್ತದೆ. ಅದನ್ನು ಶೆಡ್ಡಿನ ಹಳೆ ಮರದ ತೊಲೆಗೆ ನೇತು ಹಾಕಬೇಡಿ. ಗೆದ್ದಲು ಒಳಗೆ ತಿಂದಿರುವುದು ಹೊರಗೆ ಕಾಣುವುದಿಲ್ಲ. ಬಾಡಿಗೆಗೆ ಸಿಗುವ ಎಂಜಿನ್ ಕ್ರೇನ್ ತನ್ನಿ, ಇಲ್ಲವೇ ದಪ್ಪ ಜಿಐ ಪೈಪಿನ ಮುಕ್ಕಾಲಿ ಮಾಡಿಸಿ. ಪಕ್ಕದಲ್ಲಿ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಇರಲೇಬೇಕು. ಒಬ್ಬರೇ ಇರುವಾಗ ಎಂಜಿನ್ ಎತ್ತುವ ಕೆಲಸ ಬೇಡ.

5. ಹಳೆಯದನ್ನು ಬಿಚ್ಚುವುದು

ಬ್ಯಾಟರಿ ಮೊದಲು, ಪೆಟ್ರೋಲ್ ಆಮೇಲೆ, ನೀರು, ಆಯಿಲ್ ಕೊನೆಗೆ. ಬಿಚ್ಚುವ ಮೊದಲು ಮೊಬೈಲಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಜಾಗದ ಹೆಸರು ಬರೆದ ಕವರಿನಲ್ಲಿ ಹಾಕಿಡಿ.

ಎಂಜಿನ್ ತೆಗೆಯುವ ಮೊದಲೇ ಮೂರು ಅಳತೆ ಬರೆದುಕೊಳ್ಳಬೇಕು. ನೆಲದಿಂದ ಮುಂಚಕ್ರದ ಕಮಾನಿನವರೆಗಿನ ಎತ್ತರ, ಎರಡೂ ಬದಿಯದ್ದು. ಕ್ರ್ಯಾಂಕ್ ಪುಲ್ಲಿಯ ನಡುಬಿಂದು ಎಲ್ಲಿದೆ ಅನ್ನುವುದು. ಗೇರ್‌ಬಾಕ್ಸಿನ ಹಿಂಬದಿ ಫ್ಲ್ಯಾಂಜ್ (ಶಾಫ್ಟ್ ಸೇರುವ ಬಿಲ್ಲೆ) ಎಲ್ಲಿ, ಎಷ್ಟು ಓರೆಯಾಗಿದೆ ಅನ್ನುವುದು. ಎಂಜಿನ್ ಹೊರಬಂದ ಮೇಲೆ ಈ ಅಳತೆ ಮತ್ತೆ ಸಿಗುವುದಿಲ್ಲ.

ಹಳೆ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಆರ್‌ಸಿಯಲ್ಲಿರುವ ನಂಬರ್ ಅದರ ಮೇಲಿದೆ. ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು, ಪ್ಲಾಸ್ಟಿಕ್ ಸುತ್ತಿ, ಒಣ ಜಾಗದಲ್ಲಿ ಇಡಿ.

6. ಕೂರಿಸಿ ನೋಡುವುದು ಮತ್ತು ಶಾಫ್ಟಿನ ಕೋನ

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಹಂತ ಇದು. ಹೊಸ ಎಂಜಿನ್ನನ್ನು ಚೈನ್ ಬ್ಲಾಕಿನಲ್ಲಿ ನೇತು ಹಾಕಿಕೊಂಡು, ಗೇರ್‌ಬಾಕ್ಸ್ ಸಮೇತ ಒಳಗೆ ಇಳಿಸಿ. ವೆಲ್ಡಿಂಗ್ ಮಾತು ಇನ್ನೂ ಬೇಡ. ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗಿನ ಕ್ರಾಸ್ ಮೆಂಬರಿಗೆ, ಅಂದರೆ ಗಾಡಿಯ ಅಡ್ಡ ತೊಲೆಗೆ, ತಾಗುತ್ತದಾ? ಸ್ಟಿಯರಿಂಗ್ ರಾಡುಗಳನ್ನು ಎಡದ ತುದಿಯಿಂದ ಬಲದ ತುದಿವರೆಗೆ ತಿರುಗಿಸಿ ನೋಡಿ, ಎಲ್ಲಾದರೂ ಉಜ್ಜುತ್ತದಾ? ಬಾನೆಟ್ ಮುಚ್ಚುತ್ತದಾ? ಎಂಜಿನ್ ರಬ್ಬರ್ ಮೇಲೆ ಅಲುಗಾಡುವುದರಿಂದ ಸುತ್ತ ಎಲ್ಲ ಕಡೆ ಕನಿಷ್ಠ 20 ಎಂಎಂ ಜಾಗ ಬಿಡಿ. ಎಂಜಿನ್ ಆದಷ್ಟು ಹಿಂದಕ್ಕೆ, ಆದಷ್ಟು ಕೆಳಕ್ಕೆ ಕೂರಲಿ. ಆದರೆ ಸಂಪ್ ಮಾತ್ರ ಕ್ರಾಸ್ ಮೆಂಬರಿಗಿಂತ ಕೆಳಗೆ ಇಳಿಯಬಾರದು. ತೋಟದ ದಾರಿಯಲ್ಲಿ ಒಂದು ಕಲ್ಲು ಸಾಕು.

ಈಗ ಕೋನ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ಗೆ (ಹಿಂದಿನ ಆಕ್ಸಲಿನ ನಡುವಿನ ಗೇರ್ ಡಬ್ಬಿಗೆ) ಶಕ್ತಿ ಒಯ್ಯುವ ಉದ್ದನೆ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಎರಡೂ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ, ಮೆಕ್ಯಾನಿಕ್‌ಗಳು ಕ್ರಾಸ್ ಅನ್ನುವುದು ಅದನ್ನೇ. ಜಾಯಿಂಟ್ ಓರೆಯಾಗಿ ತಿರುಗುವಾಗ ಶಾಫ್ಟಿನ ವೇಗ ಒಂದೇ ಸುತ್ತಿನಲ್ಲಿ ಎರಡು ಸಲ ಹೆಚ್ಚು ಕಡಿಮೆ ಆಗುತ್ತದೆ. ಮುಂದಿನ ಜಾಯಿಂಟಿನ ಕೋನ ಹಿಂದಿನದಕ್ಕೆ ಸಮ ಇದ್ದರೆ ಒಂದರ ಏರುಪೇರನ್ನು ಇನ್ನೊಂದು ಕಳೆಯುತ್ತದೆ. ಸಮ ಇಲ್ಲದಿದ್ದರೆ ಗಾಡಿ ಒಂದು ವೇಗದಲ್ಲಿ ಗುಂಯ್ ಅಂತ ನಡುಗಲು ಶುರು ಮಾಡುತ್ತದೆ. ಜನ ಟೈರ್ ಬ್ಯಾಲೆನ್ಸ್ ಮಾಡಿಸುತ್ತಾರೆ, ಮೌಂಟಿಂಗ್ ಬದಲಾಯಿಸುತ್ತಾರೆ, ನಡುಕ ಹೋಗುವುದಿಲ್ಲ.

ಅಳೆಯುವುದು ಸುಲಭ. ಮೊಬೈಲಿನಲ್ಲಿ ಮಟ್ಟ ನೋಡುವ ಆಪ್ ಇರುತ್ತದೆ. ಗಾಡಿಯ ಭಾರ ಚಕ್ರದ ಮೇಲೇ ಇರಬೇಕು, ಜಾಕಿನ ಮೇಲಲ್ಲ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ತಗ್ಗಿದೆ, ಶಾಫ್ಟ್ 5 ಡಿಗ್ರಿ ತಗ್ಗಿದೆ ಅಂತ ಇಟ್ಟುಕೊಳ್ಳಿ. ಮುಂದಿನ ಜಾಯಿಂಟಿನ ಕೋನ 2 ಡಿಗ್ರಿ ಆಯಿತು. ಹಿಂದೆಯೂ 2 ಬರಬೇಕಾದರೆ ಡಿಫರೆನ್ಷಿಯಲ್ಲಿನ ಮೂತಿ 3 ಡಿಗ್ರಿ ಮೇಲಕ್ಕೆ ನೋಡುತ್ತಿರಬೇಕು. ಅಂದರೆ ಎರಡೂ ಫ್ಲ್ಯಾಂಜ್ ಸಮಾನಾಂತರ. ಪ್ರತಿ ಜಾಯಿಂಟಿನ ಕೋನ 1ರಿಂದ 3 ಡಿಗ್ರಿ ಒಳಗಿರಲಿ, ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿ ದಾಟದಿರಲಿ. ಸೊನ್ನೆಯೂ ಒಳ್ಳೆಯದಲ್ಲ. ಜಾಯಿಂಟಿನ ಒಳಗಿನ ಸೂಜಿ ಬೇರಿಂಗ್ ಒಂದೇ ಜಾಗದಲ್ಲಿ ಕೂತು ಗುಳಿ ಬೀಳುತ್ತದೆ. ಈ ಲೆಕ್ಕ ಒಂದೇ ತುಂಡಿನ ಶಾಫ್ಟಿಗೆ. ನಡುವೆ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಆಗಿದ್ದರೆ ಪ್ರತಿ ಜಾಯಿಂಟನ್ನೂ ಬೇರೆ ಬೇರೆ ಅಳೆದು ಲೇತಿನವರಿಗೆ ತೋರಿಸಿ.

ಎಂಜಿನ್ ಜಾಗ ಗಟ್ಟಿಯಾದ ಮೇಲೆ ಶಾಫ್ಟಿನ ಉದ್ದ ಅಳೆದು ಲೇತಿಗೆ ಕೊಡಿ. ಮುಂದಿನ ತುದಿ ಜಿಪ್ಸಿಯದ್ದು, ಹಿಂದಿನ ತುದಿ ಪದ್ಮಿನಿಯದ್ದು, ನಡುವೆ ಹೊಸ ಪೈಪ್. ಸ್ಪ್ರಿಂಗ್ ಕುಗ್ಗಿದಾಗ ಶಾಫ್ಟ್ ಒಳಸರಿಯಲು 25 ಎಂಎಂನಷ್ಟು ಜಾಗ ಬೇಕು. ಎರಡೂ ತುದಿಯ ಕ್ರಾಸ್ ಒಂದೇ ನೇರಕ್ಕೆ ಇರಬೇಕು. ಕೊನೆಗೆ ಮೆಷಿನ್ನಿನಲ್ಲಿ ಬ್ಯಾಲೆನ್ಸ್ ಮಾಡಿಸಲೇಬೇಕು. ನಿಮ್ಮೂರಿನ ಲೇತಿನಲ್ಲಿ ಆ ಮೆಷಿನ್ ಇಲ್ಲದಿದ್ದರೆ ಮೈಸೂರಿಗೆ ಕಳಿಸಿ. ಸುಮ್ನೆ ವೆಲ್ಡ್ ಮಾಡಿ ತಂದ ಶಾಫ್ಟ್ ವೇಗದಲ್ಲಿ ಕಿತ್ತುಬಂದರೆ ನೆಲದ ತಗಡನ್ನೇ ಸೀಳುತ್ತದೆ.

7. ಮೌಂಟಿಂಗ್

ಎಂಜಿನ್ನಿಗೆ ಎರಡು, ಗೇರ್‌ಬಾಕ್ಸಿಗೆ ಒಂದು, ಒಟ್ಟು ಮೂರು ರಬ್ಬರ್. ಬ್ರಾಕೆಟ್‌ಗೆ 5 ಎಂಎಂ ತಗಡು, ಮೂಲೆಗೆ ತ್ರಿಕೋನದ ಆಸರೆ ಕೊಡಿ. ಬಾಡಿಯ ತೆಳು ತಗಡಿಗೆ ನೇರವಾಗಿ ಬ್ರಾಕೆಟ್ ವೆಲ್ಡ್ ಮಾಡಿದರೆ ಕೆಲವೇ ದಿನದಲ್ಲಿ ಅಂಚಿನಲ್ಲಿ ಹರಿಯುತ್ತದೆ. ಮೊದಲು ಅಗಲವಾದ ಪ್ಲೇಟ್ ಕೂರಿಸಿ, ಅದರ ಮೇಲೆ ಬ್ರಾಕೆಟ್.

ಎಂಜಿನ್ ಒಳಗಿರುವಾಗ ಚುಕ್ಕಿ ವೆಲ್ಡ್ ಮಾತ್ರ. ಆಮೇಲೆ ಎಂಜಿನ್ ಹೊರತೆಗೆದು ಪೂರ್ತಿ ವೆಲ್ಡ್. ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಹೊರಗಿರಬೇಕು, ಬ್ಯಾಟರಿ ವೈರ್ ಬಿಚ್ಚಿರಬೇಕು, ಇಸಿಯು ಮನೆಯೊಳಗಿರಬೇಕು. ವೆಲ್ಡಿಂಗ್ ಕರೆಂಟ್ ಒಂದು ಸಲ ಹಾದರೆ ಇಸಿಯು ಮುಗಿಯಿತು.

8. ಕ್ಲಚ್, ಗೇರ್ ಲಿವರ್, ಸ್ಪೀಡೊಮೀಟರ್

ಜಿಪ್ಸಿ ಕ್ಲಚ್ ಕೇಬಲ್ಲಿನದ್ದು. ಪೆಡಲ್ಲಿಗೆ ಕೇಬಲ್ ಸಿಕ್ಕಿಸುವ ಕೊಕ್ಕೆ ಮಾಡಿಸಿ. ಕೇಬಲ್ ಎಲ್ಲೂ ಚೂಪಾಗಿ ಬಾಗಬಾರದು, ಸೈಲೆನ್ಸರ್ ಪೈಪಿನಿಂದ ದೂರ ಇರಬೇಕು. ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ಇನ್ನು ಇರುವುದಿಲ್ಲ. ನೆಲದಲ್ಲಿ ತೂತು ಮಾಡಿ, ರಬ್ಬರ್ ಬೂಟ್ ಹಾಕಿ.

ಸ್ಪೀಡೊಮೀಟರ್ ವಿಷಯದಲ್ಲಿ ಹಲವರು ಎಡವುತ್ತಾರೆ. ಜಿಪ್ಸಿಯಲ್ಲಿ ಸ್ಪೀಡೊ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನೇ ಬಿಟ್ಟು ಬಂದಿದ್ದೀರಿ, ಅಲ್ವಾ? ಹಾಗಾಗಿ ಶಾಫ್ಟಿನ ಮೇಲೆ ಸೆನ್ಸರ್ ಇಟ್ಟು ಎಲೆಕ್ಟ್ರಾನಿಕ್ ಮೀಟರ್ ಹಾಕಬೇಕು. ಇಸಿಯು ಕೂಡ ವೇಗದ ಸಂಕೇತ ಕಾಯುತ್ತಿರುತ್ತದೆ. ಅದು ಸಿಗದಿದ್ದರೆ ಎಂಜಿನ್ ಲೈಟ್ ಉರಿಯುತ್ತಲೇ ಇರುತ್ತದೆ.

ಹಾಗೇ ಡಿಫರೆನ್ಷಿಯಲ್ಲಿನ ಅನುಪಾತವನ್ನೂ ನೋಡಿಬಿಡಿ. ಹಿಂದಿನ ಎರಡೂ ಚಕ್ರ ಎತ್ತಿ, ಇಬ್ಬರು ಸೇರಿ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಉದಾಹರಣೆಗೆ 4.3 ಬಂತು, ಟೈರಿನ ಸುತ್ತಳತೆ 1.8 ಮೀಟರ್ ಅನ್ನಿ. ಗಂಟೆಗೆ 60 ಕಿಮೀ ಅಂದರೆ ನಿಮಿಷಕ್ಕೆ 1000 ಮೀಟರ್, ಚಕ್ರ 555 ಸುತ್ತು. ಅದನ್ನು 4.3ರಿಂದ ಗುಣಿಸಿದರೆ ನಾಲ್ಕನೇ ಗೇರಿನಲ್ಲಿ, ಅಂದರೆ ಅನುಪಾತ 1:1 ಇರುವ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು. ನಮ್ಮ ರಸ್ತೆಗಳಿಗೆ ಹಿತವಾದ ಲೆಕ್ಕ ಇದು. ಬದಲಾಯಿಸುವ ಅಗತ್ಯ ಇಲ್ಲ.

9. ಪೆಟ್ರೋಲ್ ಲೈನು

ಹಳೆ ಕಾರ್ಬ್ಯುರೇಟರ್ ಪಂಪಿನ ಒತ್ತಡ ಅರ್ಧ ಬಾರ್‌ಗಿಂತಲೂ ಕಡಿಮೆ. ಎಂಪಿಎಫ್‌ಐಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಹಳೆ ರಬ್ಬರ್ ಪೈಪನ್ನೇ ಇಟ್ಟುಕೊಂಡರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇಂಜೆಕ್ಷನ್ ಗಾಡಿಗೆ ಅಂತಲೇ ಬರುವ ಪೈಪ್ ಮತ್ತು ಕ್ಲಿಪ್ ಮಾತ್ರ ಹಾಕಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲ್. ಹಳೆ ರಬ್ಬರನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ.

ಟ್ಯಾಂಕನ್ನು ಪೂರ್ತಿ ತೊಳೆಸಿ. ತುಕ್ಕು ಜಾಸ್ತಿ ಇದ್ದರೆ ಹೊಸದು ಮಾಡಿಸಿ. ಪಂಪನ್ನು ಟ್ಯಾಂಕಿನೊಳಗೇ ಇಡಿಸಿ, ಅದರ ಸುತ್ತ ಚಿಕ್ಕ ಬಟ್ಟಲಿನಂಥ ಗೋಡೆ ಇರಲಿ. ಇಲ್ಲದಿದ್ದರೆ ಕಾಲು ಟ್ಯಾಂಕ್ ಇರುವಾಗ ಏರಿನ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಎಂಜಿನ್ ಮುಗ್ಗರಿಸುತ್ತದೆ. ಎಂಜಿನ್ನಿನಿಂದ ಟ್ಯಾಂಕಿಗೆ ವಾಪಸ್ ಬರುವ ಲೈನನ್ನೂ ಹಾಕಿ. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವ ಹಾಗೆ ಪಂಪಿನ ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್ಚನ್ನು) ಇಸಿಯು ಮೂಲಕವೇ ಕೊಡಿ. ನೇರವಾಗಿ ಕೀಲಿಗೆ ಕೊಟ್ಟರೆ ಅಪಘಾತ ಆದಾಗಲೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

10. ತಂಪು

"ಮಡಿಕೇರಿ ತಂಪಲ್ವಾ, ಹಳೆ ರೇಡಿಯೇಟರೇ ಸಾಕು" ಅನ್ನುತ್ತಾರೆ. ಸಾಕಾಗುವುದಿಲ್ಲ. ಸಂಪಾಜೆಯಿಂದ ಎರಡನೇ ಗೇರಿನಲ್ಲಿ ಲಾರಿ ಹಿಂದೆ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಮುಂದಿನಿಂದ ಗಾಳಿ ಮಾತ್ರ ಬರುವುದಿಲ್ಲ. ಜಿಪ್ಸಿ ರೇಡಿಯೇಟರ್ ಹಿಡಿಸಿದರೆ ಅದನ್ನೇ ಹಾಕಿ. ಇಲ್ಲವೇ ಹಳೆಯದಕ್ಕೆ ದಪ್ಪ ಕೋರ್ ಮಾಡಿಸಿ. ಎಲೆಕ್ಟ್ರಿಕ್ ಫ್ಯಾನ್ ಬೇಕು, ಅದರ ಸುತ್ತ ಗಾಳಿ ಸೋರದಂತೆ ತಗಡಿನ ಕವಚ ಬೇಕು.

ಥರ್ಮೋಸ್ಟಾಟ್ ಕಿತ್ತುಹಾಕುವ ಅಭ್ಯಾಸ ನಮ್ಮ ಕಡೆ ಬಹಳ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ, ಆಯಿಲ್ಲಿಗೆ ಪೆಟ್ರೋಲ್ ಸೇರುತ್ತದೆ. ಮೆಕ್ಯಾನಿಕ್ ಎಷ್ಟು ಹೇಳಿದರೂ ತೆಗೆಸಬೇಡಿ.

ಕೂಲಂಟ್ ತುಂಬುವಾಗ ಗಾಡಿಯ ಮೂತಿ ಮೇಲಕ್ಕೆ ಇರುವ ಹಾಗೆ ನಿಲ್ಲಿಸಿ. ಒಳಗೆ ಸಿಕ್ಕ ಗಾಳಿ ಮೇಲೆ ಬಂದು ಹೋಗುತ್ತದೆ.

11. ವೈರಿಂಗ್

ಜನ ಹೆದರುವುದು ಇದಕ್ಕೇ. ಹೆದರಬೇಕಿಲ್ಲ. ಜಿಪ್ಸಿಯ ಎಂಜಿನ್ ವೈರಿಂಗನ್ನು ಕತ್ತರಿಸದೆ ಹಾಗೇ ಇಟ್ಟುಕೊಳ್ಳಿ. ಪದ್ಮಿನಿಯ ದೀಪ, ಹಾರ್ನ್, ವೈಪರ್ ವೈರಿಂಗನ್ನು ಪ್ರತ್ಯೇಕವಾಗಿಡಿ. ಎರಡೂ ಸೇರುವುದು ಕೆಲವೇ ಕಡೆ: ಸದಾ ಇರುವ ಬ್ಯಾಟರಿ ಕರೆಂಟ್, ಕೀಲಿ ತಿರುಗಿಸಿದಾಗ ಬರುವ ಕರೆಂಟ್, ಸೆಲ್ಫ್, ಪೆಟ್ರೋಲ್ ಪಂಪ್, ಫ್ಯಾನ್, ಎಂಜಿನ್ ಲೈಟ್, ಮತ್ತು ಅರ್ತ್. ಪ್ರತಿಯೊಂದಕ್ಕೂ ಫ್ಯೂಸ್ ಇರಲಿ.

ಹತ್ತರಲ್ಲಿ ಎಂಟು ತೊಂದರೆಗೆ ಕಾರಣ ಅರ್ತ್ ಅನ್ನುವುದು ನನ್ನ ಅನಿಸಿಕೆ. ಎಂಜಿನ್ ರಬ್ಬರ್ ಮೇಲೆ ಕೂತಿದೆ, ಆದ್ದರಿಂದ ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ದಪ್ಪ ಪಟ್ಟಿ ಬೇಕು. ಅದು ಕೂರುವ ಜಾಗದಲ್ಲಿ ಪೇಂಟ್ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿ. ಇಸಿಯು ಡ್ಯಾಶ್‌ಬೋರ್ಡಿನ ಕೆಳಗೆ ಎತ್ತರದಲ್ಲಿರಲಿ. ನೆಲದ ಮೇಲಿಟ್ಟರೆ ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ನೀರು ತಾಗುತ್ತದೆ. ಫೈರ್‌ವಾಲಿನ, ಅಂದರೆ ಎಂಜಿನ್ನಿಗೂ ಸೀಟಿನ ಕಡೆಗೂ ನಡುವಿನ ತಗಡಿನ ಗೋಡೆಯ, ತೂತಿಗೆ ರಬ್ಬರ್ ಬಳೆ ಹಾಕಿ. ಹಾಗೇ ಬಿಟ್ಟ ತೂತಿನಲ್ಲಿ ಇಲಿ ಒಳಗೆ ಬರುತ್ತದೆ, ವೈರ್ ಕಡಿಯುತ್ತದೆ.

ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರಿಗೆ ಜಾಗ ಮಾಡಿಸಿ. ಅದಕ್ಕಿಂತ ಮೊದಲು ಪೈಪ್ ಎಲ್ಲೂ ಸೋರಬಾರದು. ಸೋರಿದರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿ, ಇದ್ದರೆ ಅದನ್ನೂ ಉಳಿಸಿಕೊಳ್ಳಿ.

12. ಬ್ರೇಕ್: ಮೊದಲ ಓಟಕ್ಕಿಂತ ಮುಂಚೆ

ಪದ್ಮಿನಿಗೆ ಬಂದಿದ್ದು ಡ್ರಮ್ ಬ್ರೇಕ್. 40 ಅಶ್ವಶಕ್ತಿಯ ಗಾಡಿಗೆ ಅದು ಸಾಕಿತ್ತು. ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದರೆ ಲೈನಿಂಗ್ ಹಿಡಿತ ಬಿಡುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇದನ್ನು ಫೇಡ್ ಅನ್ನುತ್ತಾರೆ. ಮಾಕುಟ್ಟದ ಕಡೆ ಇಳಿಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿ. ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಬೂಸ್ಟರ್ ಹಾಕಿಸಿ, ಅದಕ್ಕೆ ಬೇಕಾದ ವ್ಯಾಕ್ಯೂಮ್ ಹೊಸ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಮುಂದೆ ಹಿಂದೆ ಬೇರೆ ಬೇರೆ ಲೈನ್ ಇರುವಂಥದ್ದು ಇರಲಿ. ಒಂದು ಸೋರಿದರೂ ಇನ್ನೊಂದು ನಿಲ್ಲಿಸುತ್ತದೆ. ಡಿಸ್ಕಿನ ಬ್ರಾಕೆಟನ್ನು ಅನುಭವ ಇರುವ ಲೇತಿನವರಿಂದಲೇ ಮಾಡಿಸಬೇಕು. ಮನೆಯಲ್ಲಿ ವೆಲ್ಡ್ ಮಾಡುವ ವಸ್ತು ಅದಲ್ಲ. ಲೈನು, ಹೋಸು, ವೀಲ್ ಸಿಲಿಂಡರ್ ಎಲ್ಲ ಹೊಸದು. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು, ಚಕ್ರಕ್ಕೆ ಕಲ್ಲು ಕೊಡದೆ.

ಹಣ ಕಡಿಮೆ ಬಿದ್ದರೆ ಪೇಂಟ್ ಮುಂದೂಡಿ, ಸೀಟ್ ಮುಂದೂಡಿ. ಬ್ರೇಕ್ ಮುಂದೂಡಬೇಡಿ.

13. ಮೊದಲ ಸ್ಟಾರ್ಟ್, ಮೊದಲ ಓಟ

ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು, ಬಿಟ್ಟು, ಮತ್ತೆ ಹೊಡೆಯಿರಿ. ಆಯಿಲ್ ಲೈಟ್ ಆರುವವರೆಗೆ ಮುಂದಕ್ಕೆ ಹೋಗಬೇಡಿ. ಆಮೇಲೆ ಪ್ಲಗ್ ಹಾಕಿ, ಫ್ಯೂಸ್ ಹಾಕಿ, ಕೀಲಿ ಮಾತ್ರ ಆನ್ ಮಾಡಿ. ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲಬೇಕು. ಹೀಗೆ ಕೆಲವು ಸಲ ಮಾಡಿ, ಪ್ರತಿ ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಎಲ್ಲೂ ಒದ್ದೆ ಇಲ್ಲ ಅಂದರೆ ಸ್ಟಾರ್ಟ್ ಮಾಡಿ. ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಂತಿರಲಿ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ, ಮುಚ್ಚಿದ ಜಾಗದಲ್ಲಿ ಸೈಲೆನ್ಸರ್ ಹೊಗೆ ಪ್ರಾಣ ತೆಗೆಯುತ್ತದೆ. ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ, ಕಣ್ಣು ಟೆಂಪರೇಚರ್ ಮೀಟರ್ ಮೇಲಿರಲಿ.

ಮೊದಲ ಓಟಕ್ಕೆ ಕಾಫಿ ಒಣಗಿಸುವ ಕಣದಂಥ ಸಿಮೆಂಟ್ ನೆಲ ಒಳ್ಳೆಯದು. ನಡಿಗೆಯ ವೇಗದಲ್ಲಿ ಹೋಗಿ ಬ್ರೇಕ್ ಒತ್ತಿ, ಮತ್ತೆ ಸ್ವಲ್ಪ ಜೋರಾಗಿ ಹೋಗಿ ಒತ್ತಿ. ಒಂದು ಕಡೆ ಎಳೆಯುತ್ತದಾ ನೋಡಿ. ಬ್ರೇಕ್ ಸರಿ ಅನ್ನಿಸುವವರೆಗೆ ಇಳಿಜಾರಿಗೆ ಹೋಗಬೇಡಿ. ಸಾರ್ವಜನಿಕ ರಸ್ತೆಗೆ ಇಳಿಯುವುದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬಂದ ಮೇಲೆ, ಹೊಗೆ ತಪಾಸಣೆ ಆದ ಮೇಲೆ, ಮತ್ತು ಇನ್ಶೂರೆನ್ಸ್ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಿದ ಮೇಲೆ. ತಿಳಿಸದೆ ಇದ್ದರೆ ಅಪಘಾತವಾದಾಗ ಅವರು ಕ್ಲೇಮ್ ತಿರಸ್ಕರಿಸಬಹುದು.

ಮೊದಲ 100 ಕಿಮೀ ಆದ ಮೇಲೆ ಮೌಂಟಿಂಗ್, ಶಾಫ್ಟ್, ಬ್ರೇಕ್ ಬ್ರಾಕೆಟಿನ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿಯಿರಿ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಮುಂದಿನ ಸಲ ಗೆರೆ ಮುರಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದರೆ ಸಾಕು. 500 ಕಿಮೀಗೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ವೆಲ್ಡ್ ಮಾಡಿದ ಪ್ಲೇಟುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಪರೀಕ್ಷಿಸಿ. ಮಳೆಗಾಲ ಮುಗಿದ ಮೇಲೆ ಅದೇ ಅಂಚುಗಳನ್ನು ಇನ್ನೊಮ್ಮೆ ನೋಡಿ, ಕೆರೆದು, ಪ್ರೈಮರ್ ಹೊಡೆಯಿರಿ.